ಸೋರೆಬುರುಡೆ ಮತ್ತು ವಿದ್ಯುತ್ತು

ತುಂಗಭದ್ರೆಯ ನೀರಿನಿಂದ ಬತ್ತ ಬೆಳೆಯುವ ಸಿರುಗುಪ್ಪ, ದೊಡ್ಡಬಸವೇಶ್ವರನ ಕ್ಷೇತ್ರವಾದ ಕುರುಗೋಡು, ಕೋಟೆಬೆಟ್ಟದ ಅಡಿಯಲ್ಲಿ ಹಬ್ಬಿದ ಬಳ್ಳಾರಿ ನಗರ: ಈ ಸೀಮೆಯ ಜನರಿಗೆ ತಂತಿಯ ನಾದವು ಅಪರಿಚಿತವಲ್ಲ. ತತ್ವಪದಕಾರರ ಏಕತಾರಿಯೂ ಬುರ್ರಕಥೆಯ ತಂಬೂರಿಯೂ ಇಲ್ಲಿಯ ಬಾಳಿನೊಡನೆ ಬೆರೆತು ಬಂದಿವೆ. ಬುರ್ರಕಥೆಯಿಂದಲೇ ನಾಡಿಗೆಲ್ಲ ಪರಿಚಿತರಾಗಿ ನಾಡೋಜ ಗೌರವವನ್ನು ಪಡೆದ ದರೋಜಿ ಈರಮ್ಮನವರು ಈ ಸೀಮೆಯವರು; ಅವರು 2014ರಲ್ಲಿ ಕಾಲವಾದರು. ಇಂತಹ ನೆಲದಲ್ಲಿ ಇಂದು ಒಂದು ಪ್ರಶ್ನೆ ಎದ್ದಿದೆ. ಗುಡಿಯ ಕಟ್ಟೆಯ ಮೇಲೆ ಹತ್ತು ಮಂದಿಗೆ ಕೇಳಿಸಲೆಂದು ಹುಟ್ಟಿದ ವಾದ್ಯವು ಸಾವಿರಾರು ಜನ ಸೇರುವ ಜಾತ್ರೆಯಲ್ಲಿ ಉಳಿಯುವ ಬಗೆ ಯಾವುದು?

ಏಕತಾರಿಯನ್ನು ಮಾಡುವವನಿಗೆ ಮೊದಲು ಬೇಕಾದುದು ತಾಳ್ಮೆ. ಸೋರೆಕಾಯಿಯು ಬಲಿತು, ಅಲುಗಿಸಿದಾಗ ಬೀಜಗಳು ಗಲಗಲನೆ ಸದ್ದು ಮಾಡುವವರೆಗೆ ಒಣಗಬೇಕು. ಅದರ ಬಾಯನ್ನು ಕೊಯ್ದು, ತಿರುಳನ್ನು ಕೆರೆದು, ನೆನೆಸಿದ ಮೇಕೆಯ ತೊಗಲನ್ನು ಬಿಗಿಯಬೇಕು. ತೊಗಲು ಒಣಗುತ್ತ ತಾನಾಗಿ ಬಿಗಿಯಾಗುತ್ತದೆ. ಬುರುಡೆಯ ಮೂಲಕ ಬಿದಿರಿನ ದಂಡವನ್ನು ಹಾಯಿಸಿ, ತುದಿಯಲ್ಲಿ ಬಿರಡೆಯನ್ನಿಟ್ಟು, ತೊಗಲಿನ ಮೇಲೆ ನಿಲ್ಲಿಸಿದ ಕುದುರೆಯ ಮೇಲಿಂದ ಉಕ್ಕಿನ ತಂತಿಯನ್ನು ಎಳೆದು ಕಟ್ಟಿದರೆ ವಾದ್ಯವು ಸಿದ್ಧ. ತಂತಿಯ ಕಂಪನವು ಕುದುರೆಯಿಂದ ತೊಗಲಿಗೆ ಇಳಿಯುತ್ತದೆ. ತೊಗಲು ಬುರುಡೆಯೊಳಗಿನ ಗಾಳಿಯನ್ನು ನುಡಿಸುತ್ತದೆ. ಕುದುರೆ ವಾಲಿದ್ದರೆ ಆ ತಪ್ಪನ್ನು ಕಿವಿಯೇ ಎತ್ತಿ ತೋರಿಸುತ್ತದೆ. ಅಂಗಡಿಯಲ್ಲಿ ಕೊಂಡ ವಾದ್ಯವು ಈ ಪಾಠವನ್ನು ಕಲಿಸಲಾರದು.

ಆದರೆ ಜಾತ್ರೆಯ ಗದ್ದಲದಲ್ಲಿ ಈ ಮೆಲುದನಿ ಅಡಗಿಹೋಗುತ್ತದೆ. ಮೈಕನ್ನು ಮುಂದಿಟ್ಟರೆ ಅದು ಸುತ್ತಲಿನ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಧ್ವನಿವರ್ಧಕದ ದನಿಯೇ ಮರಳಿ ಮೈಕನ್ನು ಹೊಕ್ಕು ಕರ್ಕಶವಾಗಿ ಕೂಗುತ್ತದೆ. ಆಗ ಹಾಡುಗಾರನು ಬೇಸತ್ತು ಏಕತಾರಿಯನ್ನು ಬದಿಗಿಡುತ್ತಾನೆ. ಯಂತ್ರದ ಶ್ರುತಿಪೆಟ್ಟಿಗೆ ಆ ಸ್ಥಾನಕ್ಕೆ ಬರುತ್ತದೆ. ನುಡಿಸುವವರಿಲ್ಲದ ವಾದ್ಯವನ್ನು ಮಾಡುವವರೂ ಕ್ರಮೇಣ ಇಲ್ಲವಾಗುತ್ತಾರೆ.

ಇದಕ್ಕೆ ಪರಿಹಾರವಾಗಬಲ್ಲದು ಪಿಕಪ್ ಎಂಬ ಪುಟ್ಟ ಸಾಧನ. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಅದೇ ತತ್ತ್ವದ ಪೀಜೋ ಬಿಲ್ಲೆಯನ್ನು ಕುದುರೆಯ ಬಳಿ ಅಂಟಿಸಿದರೆ, ಅದು ಗಾಳಿಯ ಸದ್ದಿಗಿಂತ ಹೆಚ್ಚಾಗಿ ವಾದ್ಯದ ಮೈಯ ನಡುಕವನ್ನೇ ವಿದ್ಯುತ್ತಾಗಿಸುತ್ತದೆ. ಹವಾಯಿ ದ್ವೀಪಗಳ ಯುಕುಲೆಲೆಗೂ ಇದನ್ನೇ ಜೋಡಿಸುತ್ತಾರೆ. 1879ರಲ್ಲಿ ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಹೋದ ಬಡಗಿಗಳು ತಮ್ಮ ನಾಡಿನ ಪುಟ್ಟ ವಾದ್ಯವನ್ನು ಅಲ್ಲಿ ಹೊಸದಾಗಿ ಕಟ್ಟಿದುದರಿಂದ ಯುಕುಲೆಲೆ ಹುಟ್ಟಿತು. ಅದರ ನೈಲಾನ್ ತಂತಿಗೆ ಅಯಸ್ಕಾಂತದ ಪಿಕಪ್ ಸ್ಪಂದಿಸುವುದಿಲ್ಲ. ಪೀಜೋ ಬಿಲ್ಲೆಗೆ ಆ ಭೇದವಿಲ್ಲ.

ವಿದ್ಯುತ್ತು ಸೋಕಿದರೆ ನಾದದ ಪಾವಿತ್ರ್ಯ ಕೆಡುವುದೆಂದು ಕೆಲವು ಹಿರಿಯರು ಶಂಕಿಸುತ್ತಾರೆ. ಅವರ ಶಂಕೆಯನ್ನು ಅಲ್ಲಗಳೆಯುವಂತಿಲ್ಲ. ಬಿಲ್ಲೆಯನ್ನು ತೊಗಲಿನ ನಡುವೆ ಅಂಟಿಸಿದರೆ ಅದರ ಭಾರಕ್ಕೆ ದನಿಯು ಮಂಕಾಗಬಹುದು. ಸೂಕ್ತವಾದ ವರ್ಧಕವಿಲ್ಲದಿದ್ದರೆ ನಾದವು ತೆಳುವಾಗಿ ತಗಡಿನಂತೆ ಕೇಳಿಸಬಹುದು. ಆದರೆ ಇವು ಕುಶಲತೆಯಿಂದ ತಿದ್ದಬಹುದಾದ ದೋಷಗಳು. ಬಯಲಾಟದ ಹಾರ್ಮೋನಿಯಂ, ಕಛೇರಿಯ ಪಿಟೀಲು ಎರಡೂ ಯುರೋಪಿನಿಂದ ಬಂದವು. ಇಂದು ಅವುಗಳನ್ನು ಪರಕೀಯವೆನ್ನುವವರು ಯಾರು? ಆಂಧ್ರದ ಯು. ಶ್ರೀನಿವಾಸರು (1969–2014) ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿಯೇ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ವಿದ್ವಾಂಸರ ಮನ್ನಣೆಗೆ ಪಾತ್ರರಾದರು. ವಿದ್ಯುತ್ತು ಅವರ ರಾಗವನ್ನು ಕೆಡಿಸಲಿಲ್ಲ.

ಆದರೂ ಒಂದು ಎಚ್ಚರಿಕೆ ಅಗತ್ಯ. ಪಿಕಪ್ಪು ಇದ್ದುದನ್ನು ಹಿಗ್ಗಿಸುತ್ತದೆ, ಇಲ್ಲದುದನ್ನು ಸೃಷ್ಟಿಸುವುದಿಲ್ಲ. ಬುರುಡೆಯ ಬಿರುಕು, ಶ್ರುತಿಯ ತಪ್ಪು, ಬೆರಳಿನ ಅಳುಕು ಇವೆಲ್ಲವನ್ನೂ ಅದು ಸಾವಿರ ಜನರೆದುರು ಸಾರಿಬಿಡುತ್ತದೆ. ಆದುದರಿಂದ ಮೊದಲು ವಾದ್ಯವು ಚೆನ್ನಾಗಿ ನುಡಿಯಬೇಕು. ಅನಂತರ ವಿದ್ಯುತ್ತು ಅದಕ್ಕೆ ನೆರವಾಗಬೇಕು. ಈ ಕ್ರಮವು ತಲೆಕೆಳಗಾದರೆ ಗದ್ದಲವೇ ಹೆಚ್ಚೀತು.

ಈ ಕಾರ್ಯಕ್ಕೆ ಅಪಾರ ಧನವೇನೂ ಬೇಕಾಗಿಲ್ಲ. ಸಿರುಗುಪ್ಪದ ಹಿತ್ತಿಲಿನಲ್ಲಿ ಸೋರೆಯ ಬಳ್ಳಿ ಹಬ್ಬಬಲ್ಲದು. ಬಳ್ಳಾರಿಯ ದುರಸ್ತಿ ಅಂಗಡಿಯಲ್ಲಿ ಬೆಸುಗೆಯ ಕೆಲಸ ನಡೆಯಬಲ್ಲದು. ಕುರುಗೋಡಿನ ಜಾತ್ರೆಯಲ್ಲಿ ಆ ನಾದಕ್ಕೆ ಕಿವಿಗಳು ದೊರೆಯಬಲ್ಲವು. ಶಾಲೆಯ ವಿದ್ಯಾರ್ಥಿಗಳು ಹಿರಿಯ ಹಾಡುಗಾರರಿಂದ ತೊಗಲು ಬಿಗಿಯುವುದನ್ನೂ ವಿಜ್ಞಾನದ ಅಧ್ಯಾಪಕರಿಂದ ಬಿಲ್ಲೆ ಬೆಸೆಯುವುದನ್ನೂ ಕಲಿತರೆ, ಹಳೆಯ ಅರಿವು ಹೊಸ ವಿದ್ಯೆಯ ಕೈಹಿಡಿದು ನಡೆದೀತು. ಆಗ ಏಕತಾರಿಯು ವಸ್ತುಸಂಗ್ರಹಾಲಯದ ಗಾಜಿನೊಳಗೆ ಮೌನವಾಗಿ ಕೂರದೆ ಜನರ ನಡುವೆಯೇ ನುಡಿಯುತ್ತಿರುತ್ತದೆ.