ಹೊರೆ ಹೆಗಲಿಗಲ್ಲ, ಸೈಕಲ್ಲಿಗೆ

ಯೂತ್ ಗ್ರೂಪಿನ ಗೆಳೆಯರೇ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿ.ಮೀ. ಅಷ್ಟು ದೂರ ಬೆನ್ನ ಮೇಲೆ ಭಾರದ ಬ್ಯಾಗ್ ಹೊತ್ತು ಸೈಕಲ್ ತುಳಿಯುವುದನ್ನು ಸಾಹಸವೆಂದು ಹೊಗಳುತ್ತೇವೆ. ಅದು ಸಾಹಸವಲ್ಲ, ಹಟ. ನಮ್ಮ ಬಿಸಿಲಿಗೆ ಬೆನ್ನು ತೊಯ್ದು ಹೋಗುತ್ತದೆ, ಹೆಗಲು ಸೋಲುತ್ತದೆ. ಭಾರ ಮೇಲಿರುವುದರಿಂದ ಲಾರಿ ಪಕ್ಕದಲ್ಲಿ ಹಾದರೆ ಸೈಕಲ್ ಓಲಾಡುತ್ತದೆ.

“ಕಾಲೇಜು ಬ್ಯಾಗ್ ಇದೆಯಲ್ಲ, ಇನ್ನೊಂದಕ್ಕೆ ದುಡ್ಡು ಯಾಕೆ?” ಎನ್ನುವ ಅಪ್ಪ-ಅಮ್ಮಂದಿರೇ, ಸೈಕಲ್ ಮೇಲೆ ಬರುವ ಹಾಲಿನವರನ್ನು ನೋಡಿ. ಕ್ಯಾನುಗಳನ್ನು ಕ್ಯಾರಿಯರಿನ ಎರಡೂ ಬದಿಗೆ ತೂಗುಹಾಕುತ್ತಾರೆ, ಬೆನ್ನಿಗೆ ಕಟ್ಟಿಕೊಳ್ಳುವುದಿಲ್ಲ. ಜೋಡಿ ಚೀಲದ ಲೆಕ್ಕವೂ ಅದೇ.

ದುಬಾರಿ ಕಂಪನಿಯದೇ ಬೇಕೆಂದೇನಿಲ್ಲ. ದಪ್ಪ ಕ್ಯಾನ್ವಾಸಿನಲ್ಲಿ ಹೊಲಿಸಿದರೂ ಆದೀತು. ನೋಡಬೇಕಾದ್ದು ಇಷ್ಟು: ಚೀಲ ಸ್ಪೋಕ್ಸಿಗೆ ಸಿಗದಂತೆ ಒಳಬದಿಗೆ ಗಟ್ಟಿ ಹಲಗೆ ಇರಲಿ. ತುಳಿಯುವಾಗ ಹಿಮ್ಮಡಿ ತಾಗದಷ್ಟು ಹಿಂದಿರಲಿ. ಭಾರದ ವಸ್ತು ತಳದಲ್ಲಿ, ಎರಡೂ ಕಡೆ ಸಮತೂಕ. ಮಳೆಗಾಲಕ್ಕೆ ಒಳಗೊಂದು ಪ್ಲಾಸ್ಟಿಕ್ ಚೀಲ. ಎಲ್ಲಕ್ಕೂ ಮೊದಲು ಕ್ಯಾರಿಯರಿನ ಬೋಲ್ಟ್ ಬಿಗಿಯಾಗಿರಲಿ.

ಇನ್ನು, ಕ್ಯಾರಿಯರ್ ಚಂದ ಕಾಣುವುದಿಲ್ಲವೆಂದು ಬಿಚ್ಚಿಸುವ ಗೆಳೆಯರೇ, ರಸ್ತೆಯಲ್ಲಿ ಬಿದ್ದ ಸೈಕಲ್ಲೇನೂ ಅದಕ್ಕಿಂತ ಚಂದ ಕಾಣುವುದಿಲ್ಲ.