ಟ್ರಂಕ್ ಕಾಲ್‌ನಿಂದ ಪೊಲೀಸ್ ವಾಕಿಟಾಕಿವರೆಗೆ

ಪುಟಾಣಿಗಳೇ, ಗುಂಡ್ಲುಪೇಟೆ ಬಸ್ ನಿಲ್ದಾಣದ ಬಳಿ ನಿಂತ ಪೊಲೀಸ್ ಮಾಮನ ವಾಕಿಟಾಕಿ ‘ಕರ್ರ್’ ಎಂದರೆ ನಿಮ್ಮ ಕಿವಿ ನೆಟ್ಟಗಾಗುತ್ತದೆ, ಅಲ್ಲವೇ? ಬಂಡೀಪುರದ ದಾರಿಯಲ್ಲಿ ಅರಣ್ಯ ಇಲಾಖೆಯ ಜೀಪಿನಿಂದಲೂ ಅದೇ ಸದ್ದು. ಮೊಬೈಲ್ ಸಿಗ್ನಲ್ ಸಿಗದ ಕಾಡಿನಲ್ಲಿ ಕಾವಲುಗಾರರಿಗೆ ಅದೇ ಆಸರೆ. ಆ ಮಾತು ಹೇಗೆ ಓಡಾಡುತ್ತದೆ? ನಾವೂ ಕೇಳಬಹುದೇ? ಈ ವಾರ ಈ ಎರಡು ಪ್ರಶ್ನೆ.

1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ತಮ್ಮ ಕಾರುಗಳಿಗೆ ರೇಡಿಯೊ ಹಾಕಿದರು. ಆದರೆ ಕಾರಿನಲ್ಲಿದ್ದವರು ಕೇಳಿಸಿಕೊಳ್ಳಬಹುದಿತ್ತು, ಅಷ್ಟೇ. ಉತ್ತರ ಕೊಡಬೇಕಾದರೆ ಇಳಿದು ಹೋಗಿ ಟೆಲಿಫೋನ್ ಹುಡುಕಬೇಕು! ಎರಡೂ ಕಡೆ ಮಾತಾಡುವ ಸೆಟ್‌ಗಳು ಆಮೇಲೆ ಬಂದವು. ಅವುಗಳಲ್ಲೂ ಒಂದು ತೊಡಕು. ಒಂದು ಚಾನೆಲ್‌ನಲ್ಲಿ ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಉಳಿದವರೆಲ್ಲ ಸುಮ್ಮನಿರಬೇಕು. ಮಾತು ಮುಗಿದಾಗ ‘ಓವರ್’ ಎನ್ನುವುದು ಅದಕ್ಕೇ.

ಮೈಸೂರು ದಸರಾ ಮೆರವಣಿಗೆಯನ್ನೇ ಕಲ್ಪಿಸಿಕೊಳ್ಳಿ. ಸಂಚಾರ ನೋಡುವವರಿಗೆ ಒಂದು ಚಾನೆಲ್, ಆನೆಗಳ ಜೊತೆ ನಡೆಯುವವರಿಗೆ ಒಂದು, ಆಂಬುಲೆನ್ಸ್‌ಗೆ ಒಂದು, ಕಳೆದುಹೋದ ಮಕ್ಕಳನ್ನು ಹುಡುಕುವವರಿಗೆ ಇನ್ನೊಂದು ಎಂದು ಹಂಚಿದ್ದಾರೆ ಎಂದುಕೊಳ್ಳಿ. ಸಂಚಾರದ ಚಾನೆಲ್‌ನಲ್ಲಿ ನೂಕುನುಗ್ಗಲು, ಪಕ್ಕದ ಚಾನೆಲ್ ಖಾಲಿ. ಆದರೂ ಇವರು ಅಲ್ಲಿ ಮಾತಾಡುವಂತಿಲ್ಲ.

ಇದಕ್ಕೆ ಪರಿಹಾರ ನಿಮ್ಮ ತಾತನಿಗೆ ಗೊತ್ತು! ‘ಟ್ರಂಕ್ ಕಾಲ್’ ಅಂದರೇನು ಎಂದು ಕೇಳಿ ನೋಡಿ. ಊರಿಂದೂರಿಗೆ ಇದ್ದದ್ದು ಕೆಲವೇ ತಂತಿ. ಊರಿನ ಒಂದೊಂದು ಮನೆಗೂ ಬೇರೆ ಬೇರೆ ತಂತಿ ಎಳೆಯಲು ಆಗುತ್ತದೆಯೇ? ಎಕ್ಸ್‌ಚೇಂಜ್‌ಗೆ ಹೇಳಿ ಕಾಯಬೇಕು. ಯಾವ ತಂತಿ ಬಿಡುವಾಯಿತೋ ಅದನ್ನು ಆಪರೇಟರ್ ನಿಮಗೆ ಜೋಡಿಸುತ್ತಿದ್ದರು. ಎಲ್ಲರೂ ಹಂಚಿಕೊಳ್ಳುವ ಆ ತಂತಿಯೇ ಟ್ರಂಕ್.

ಟ್ರಂಕ್ ರೇಡಿಯೊದಲ್ಲಿ ಆಪರೇಟರ್ ಜಾಗದಲ್ಲಿ ಕಂಪ್ಯೂಟರ್ ಕೂತಿದೆ. ಯಾವ ಚಾನೆಲ್ಲೂ ಯಾರ ಸ್ವಂತದ್ದೂ ಅಲ್ಲ. ಪ್ರತಿ ತಂಡಕ್ಕೂ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ‘ಟಾಕ್ ಗ್ರೂಪ್’ ಎನ್ನುತ್ತಾರೆ. ಗುಂಡಿ ಒತ್ತಿದೊಡನೆ ಸೆಟ್ ‘ಕಂಟ್ರೋಲ್ ಚಾನೆಲ್’ ಮೂಲಕ ಜಾಗ ಕೇಳುತ್ತದೆ. ಕಂಪ್ಯೂಟರ್ ಖಾಲಿ ಚಾನೆಲ್ ಒಂದನ್ನು ತೋರಿಸುತ್ತದೆ. ಆ ತಂಡದ ಸೆಟ್‌ಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿಗೆ ಹಾರುತ್ತವೆ. ಮಾತು ಮುಗಿದರೆ ಚಾನೆಲ್ ಮತ್ತೆ ಎಲ್ಲರದ್ದು. ಎಲ್ಲ ಚಾನೆಲ್ ತುಂಬಿದ್ದರೆ ಸರದಿ. ತುರ್ತಿನವರಿಗೆ ಮೊದಲ ಜಾಗ. ಯುರೋಪಿನಲ್ಲಿ ಹುಟ್ಟಿದ ‘ಟೆಟ್ರಾ’, ಅಮೆರಿಕದ ‘ಪಿ-25’ ಇಂಥ ಪದ್ಧತಿಗಳು. ನಮ್ಮ ದೆಹಲಿ ಮೆಟ್ರೊ ರೈಲಿನ ಚಾಲಕರು ಮಾತಾಡುವುದೂ ಟೆಟ್ರಾದಲ್ಲೇ.

ಈಗ ಎರಡನೇ ಪ್ರಶ್ನೆ. ಚಾನೆಲ್‌ಗಳನ್ನು ಒಂದೊಂದಾಗಿ ತಡಕುವ ರೇಡಿಯೊಗೆ ‘ಸ್ಕ್ಯಾನರ್’ ಎಂದು ಹೆಸರು. ಅಮೆರಿಕದಲ್ಲಿ ಇದನ್ನಿಟ್ಟುಕೊಂಡು ಪೊಲೀಸರ ಮಾತು ಕೇಳುವುದೇ ಕೆಲವರ ಹವ್ಯಾಸ. ಟ್ರಂಕ್ ಪದ್ಧತಿ ಬಂದಮೇಲೆ ಹಳೇ ಸ್ಕ್ಯಾನರ್ ಸೋತಿತು: ಪ್ರಶ್ನೆ ಒಂದು ಚಾನೆಲ್‌ನಲ್ಲಿ, ಉತ್ತರ ಇನ್ನೊಂದರಲ್ಲಿ! ಕಂಟ್ರೋಲ್ ಚಾನೆಲ್ ಓದಬಲ್ಲ ಹೊಸ ಸ್ಕ್ಯಾನರ್ ಬಂತು. ಈಗ ಎಷ್ಟೋ ಕಡೆ ಮಾತನ್ನೇ ಗುಪ್ತಲಿಪಿಯಾಗಿಸಿ ಕಳಿಸುವುದರಿಂದ ಅದಕ್ಕೂ ಬರೀ ಗೊರಗೊರ ಸದ್ದು.

ನಮ್ಮಲ್ಲಿ ಇದಕ್ಕೆ ಅನುಮತಿಯಿಲ್ಲ. ಪರವಾನಗಿ ಇಲ್ಲದೆ ವೈರ್‌ಲೆಸ್ ಸೆಟ್ ಇಟ್ಟುಕೊಳ್ಳಬಾರದೆಂದು 1933ರಷ್ಟು ಹಿಂದೆಯೇ ಕಾಯಿದೆ ಬಂದಿತ್ತು. ಪಾಟು ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ದುಡ್ಡು ಕಟ್ಟಿದ ನೆನಪು ಅಜ್ಜಿಗೆ ಇದ್ದೀತು. ಹಾಡು, ವಾರ್ತೆಯ ರೇಡಿಯೊಗೆ ಈಗ ಆ ಕಟ್ಟಳೆ ಇಲ್ಲ. ಪೊಲೀಸರ ಮಾತು ಕದ್ದು ಕೇಳುವುದು ಮಾತ್ರ ಇಂದಿಗೂ ತಪ್ಪೇ.

ಯಾಕೆ ಗೊತ್ತೇ? ನಡುರಾತ್ರಿ ಯಾರೋ 112ಕ್ಕೆ ಫೋನ್ ಮಾಡಿ ಅಳುತ್ತಾರೆ. ಅವರ ಹೆಸರು, ಬೀದಿ, ಮನೆಯ ಕಷ್ಟ ವೈರ್‌ಲೆಸ್‌ನಲ್ಲಿ ಸಾಗುತ್ತದೆ. ಅದನ್ನು ಊರೆಲ್ಲ ಕೇಳಿದರೆ ನಾಳೆ ಅವರು ಫೋನ್ ಮಾಡಲು ಹಿಂಜರಿಯುತ್ತಾರೆ. ಕಾಡಿನಲ್ಲಿ ಗಸ್ತು ಎತ್ತ ಹೊರಟಿದೆ ಎಂದು ಬೇಟೆಗಾರನಿಗೆ ತಿಳಿದರೆ? ಹುಲಿಯ ಜೀವವೂ ಹೋದೀತು, ಕಾವಲುಗಾರನ ಜೀವವೂ.

ರೇಡಿಯೊ ಹುಚ್ಚು ಹತ್ತಿದವರಿಗೆ ನೇರ ದಾರಿ ಇದೆ. ಅದೇ ಹ್ಯಾಮ್ ರೇಡಿಯೊ. 12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪಾಸಾದರೆ ಪರವಾನಗಿಗೆ ಅರ್ಜಿ ಹಾಕಬಹುದು. ದೇಶ ವಿದೇಶದ ಗೆಳೆಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಬಹುದು. ನೆರೆ, ಭೂಕಂಪದಲ್ಲಿ ಫೋನ್ ಸತ್ತಾಗ ಹ್ಯಾಮ್‌ಗಳು ಸುದ್ದಿ ಮುಟ್ಟಿಸಿದ್ದಾರೆ.

ಈ ಭಾನುವಾರ ಒಂದು ಆಟ ಆಡಿ. ಎಂಟು ಮಕ್ಕಳು, ಇಬ್ಬಿಬ್ಬರ ನಾಲ್ಕು ತಂಡ, ಎರಡು ಚಾಪೆ. ಮೊದಲ ಐದು ನಿಮಿಷ ಒಂದೊಂದು ಚಾಪೆ ಎರಡೆರಡು ತಂಡಕ್ಕೇ ಮೀಸಲು. ಚಾಪೆಯ ಮೇಲೆ ನಿಂತು ಒಂದು ಸುದ್ದಿ ಹೇಳಿ ಇಳಿಯಬೇಕು. ಮುಂದಿನ ಐದು ನಿಮಿಷ ಯಾವ ಚಾಪೆಯೂ ಯಾರದ್ದೂ ಅಲ್ಲ. ಅಜ್ಜಿಯೇ ಆಪರೇಟರ್, ಕೈ ಎತ್ತಿದವರನ್ನು ಖಾಲಿ ಚಾಪೆಗೆ ಕಳಿಸಲಿ. ಎರಡೂ ಸಲ ಒಂದು ತಂಡ ಮಾತ್ರ ವಿಪರೀತ ವಾಚಾಳಿಯಾಗಿರಲಿ! ಉಳಿದವರು ಯಾವಾಗ ಕಡಿಮೆ ಕಾದರು ಎಂದು ತಾತ ಎಣಿಸಲಿ.