ಮಾರಿದವರನ್ನು ಬಯ್ಯುವ ಮೊದಲು

ನಗರದ ಹಳೆಯ ಬಂಗಲೆಯೊಂದು ಮಾರಾಟವಾಯಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಾಕು, ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಂದ ಪತ್ರ ಬರುತ್ತದೆ, ದೂರವಾಣಿ ಕರೆ ಬರುತ್ತದೆ. “ಮೇಷ್ಟ್ರೇ, ಇದರ ಬಗ್ಗೆ ನೀವು ಬರೆಯಲೇಬೇಕು. ದುಡ್ಡಿನಾಸೆಗೆ ಇತಿಹಾಸವನ್ನೇ ಮಾರುತ್ತಿದ್ದಾರೆ” ಎಂಬುದು ಎಲ್ಲರ ಒಕ್ಕಣೆ. ಬರೆಯುತ್ತೇನೆ. ಆದರೆ ನೀವು ಬಯಸಿದ ರೀತಿಯಲ್ಲಿ ಬರೆಯಲಾರೆ. ಹಳೆಯ ಮನೆಯನ್ನು ಮಾರುವುದು ಪಾಪವೆಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮಾರಾಟದ ದಿನ ಎದ್ದ ಗುಲ್ಲು ಮರುದಿನವೇ ಅಡಗುವುದಿದೆಯಲ್ಲ, ನನ್ನ ತಕರಾರು ಅದರ ಮೇಲೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸಮೀಪದಲ್ಲಿ, ಮಾನಸಗಂಗೋತ್ರಿಯ ಆವರಣದೊಳಗೆ ನಿಂತಿರುವ ಜಯಲಕ್ಷ್ಮೀ ವಿಲಾಸವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಸೌಧವದು. ಅವರ ಪತಿ ಸರ್ ಎಂ. ಕಾಂತರಾಜೇ ಅರಸರು ವಿಶ್ವೇಶ್ವರಯ್ಯನವರ ತರುವಾಯ ಮೈಸೂರಿನ ದಿವಾನರಾದವರು. ಜೋಡಿ ಕಂಬಗಳ ಸಾಲು, ನಡುವೆ ಕಲ್ಯಾಣಮಂಟಪ, ಕೆತ್ತನೆಯ ತೇಗದ ಬಾಗಿಲುಗಳು. ಎಣಿಸಿದವರು 125 ಕೋಣೆ, 300 ಕಿಟಕಿ, 287 ಬಾಗಿಲು ಎಂದು ಲೆಕ್ಕ ಕೊಟ್ಟಿದ್ದಾರೆ. ಈ ಸಂಖ್ಯೆಗಳನ್ನು ಪ್ರವಾಸಿ ಕೈಪಿಡಿಗಳು ವೈಭವದ ಗುರುತಾಗಿ ಹೇಳುತ್ತವೆ. ನಾನು ಅವನ್ನು ಮನೆಯ ಯಜಮಾನನ ಕಣ್ಣಿನಿಂದ ನೋಡುತ್ತೇನೆ. ಸಂಜೆ ಗುಡುಗು ಕೇಳಿದಾಗ 300 ಕಿಟಕಿಗಳನ್ನು ಮುಚ್ಚುವವರು ಯಾರು? ಕಿಟಕಿಗೆ ಒಂದೇ ನಿಮಿಷವೆಂದರೂ ಒಬ್ಬ ಆಳಿಗೆ ಐದು ಗಂಟೆಯ ಕೆಲಸ. ಮಳೆ ಅಷ್ಟು ಹೊತ್ತು ಕಾಯುವುದಿಲ್ಲ.

ಈ ಮನೆಯೂ ಮಾರಾಟವಾದದ್ದೇ. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕಾಲದಲ್ಲಿ, ಸ್ನಾತಕೋತ್ತರ ಕೇಂದ್ರಕ್ಕೆಂದು ಸುತ್ತಲಿನ ನೂರಾರು ಎಕರೆಯೊಡನೆ ಸುಮಾರು ಹತ್ತು ಲಕ್ಷ ರೂಪಾಯಿಗೆ ಇದನ್ನು ವಿಶ್ವವಿದ್ಯಾನಿಲಯ ಕೊಂಡಿತು. 1960ರಲ್ಲಿ ಅಲ್ಲಿ ಮಾನಸಗಂಗೋತ್ರಿ ಆರಂಭವಾಯಿತು. ಹೆಸರಿಟ್ಟವರೂ ಕುವೆಂಪು ಅವರೇ. ಅಂದು ಆ ಮಾರಾಟ ನಡೆಯದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಅಷ್ಟು ದೊಡ್ಡ ಮನೆ, ವರುಷಕ್ಕೊಮ್ಮೆ ಸುಣ್ಣ ಬಳಿಸಲೂ ಒಂದು ಸಂಸ್ಥಾನದ ಬೊಕ್ಕಸ ಬೇಕು. ಸಂಸ್ಥಾನವೇ ಇಲ್ಲದ ಮೇಲೆ ವಾರಸುದಾರರು ಎಷ್ಟು ದಿನ ಹಿಡಿದಿಟ್ಟುಕೊಂಡಾರು? ನಾಲ್ಕು ಪಾಲಾಗಿ, ಎಂಟು ಪಾಲಾಗಿ, ನನ್ನ ಪಾಲಿನ ಸೂರು ಸೋರುತ್ತಿಲ್ಲವೆಂದು ಒಬ್ಬರು, ನಿನ್ನ ಪಾಲಿನಿಂದಲೇ ನೀರು ಬರುತ್ತಿದೆಯೆಂದು ಇನ್ನೊಬ್ಬರು ಕೋರ್ಟಿಗೆ ಹೋಗಿ, ತೀರ್ಪು ಬರುವ ಹೊತ್ತಿಗೆ ಗೋಡೆಯೇ ಇಲ್ಲದಂತಾಗುವುದು ಈ ನಾಡಿನ ಹಳೆಯ ಮನೆಗಳ ಮಾಮೂಲು ಕಥೆ. (ಇದನ್ನು ಓದುತ್ತಿರುವ ನಮ್ಮ ನೆಂಟರಿಷ್ಟರಲ್ಲಿ ಕೆಲವರಿಗೆ ಬೇರೊಂದು ಮನೆ ನೆನಪಿಗೆ ಬಂದರೆ ಅದಕ್ಕೆ ನಾನು ಹೊಣೆಯಲ್ಲ.) ಆದ್ದರಿಂದಲೇ ಹೇಳುತ್ತೇನೆ, ಜಯಲಕ್ಷ್ಮೀ ವಿಲಾಸವನ್ನು ಮೊದಲ ಸಲ ಉಳಿಸಿದ್ದು ಅದರ ಮಾರಾಟ.

ಉಳಿಸಿದ್ದಷ್ಟೇ ಅಲ್ಲ, ಅದಕ್ಕೊಂದು ಹೊಸ ಬಾಳನ್ನೂ ಕೊಟ್ಟಿತು. 1968ರ ಸುಮಾರಿಗೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಮೈದಳೆಯಿತು. ದೇ. ಜವರೇಗೌಡರ ಒತ್ತಾಸೆ, ಜೀ.ಶಂ. ಪರಮಶಿವಯ್ಯನವರ ಓಡಾಟ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಕಣ್ಣು ಮತ್ತು ಕೈ. ಹಳ್ಳಿಹಳ್ಳಿ ಸುತ್ತಿ, ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ತೊಗಲುಗೊಂಬೆ, ಮುಖವಾಡ, ಯಕ್ಷಗಾನದ ವೇಷಭೂಷಣ, ಉಳುವ ಬಿತ್ತುವ ಸಲಕರಣೆ, ಬುಟ್ಟಿ, ಬಳ್ಳ, ಎಲ್ಲವನ್ನೂ ತಂದು ರಾಜಕುಮಾರಿಯ ಕೋಣೆಗಳಲ್ಲಿ ಇರಿಸಿದರು. ಅರಸರ ಮಗಳ ಮನೆಯೊಳಕ್ಕೆ ಒಕ್ಕಲುಮಗನ ನೇಗಿಲು ಪ್ರವೇಶಿಸಿತು. ಇಂಥ ಗೃಹಪ್ರವೇಶ ನಮ್ಮ ದೇಶದಲ್ಲಿ ಎಷ್ಟು ಕಡೆ ನಡೆದಿದೆ?

ಇಲ್ಲಿಯವರೆಗೆ ಕಥೆ ಚೆನ್ನ. ಮುಂದಿನದೇ ನನ್ನ ಜಗಳದ ವಿಷಯ.

ಇಂಥ ಕಟ್ಟಡ ಹೇಗೆ ಸಾಯುತ್ತದೆಂಬುದನ್ನು ನಮ್ಮ ಶಾಲೆಗಳಲ್ಲಿ ಯಾರೂ ಕಲಿಸಿದವರಲ್ಲ, ಕಲಿಸಬೇಕಾಗಿತ್ತು. ಕಟ್ಟಡ ಸಿಡಿಲಿನಿಂದ ಸಾಯುವುದು ಅಪರೂಪ. ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಒಂದು ಹಿಡಿ ತರಗೆಲೆ ಸಿಕ್ಕಿಕೊಳ್ಳುತ್ತದೆ. ನೀರು ನಿಲ್ಲುತ್ತದೆ. ಗಾರೆಯ ಸೀಳಿನಲ್ಲಿ ಇಳಿಯುತ್ತದೆ, ಕೆಳಗಿನ ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಕಡೆ ತಂಪಾಗುತ್ತದೆ. ತಂಪು ಮರಕ್ಕೆ ಗೆದ್ದಲು ಬರುತ್ತದೆ. ಹಕ್ಕಿಯ ಹಿಕ್ಕೆಯಿಂದ ಬಿದ್ದ ಅರಳಿಯ ಬೀಜ ಕಪೋತದ ಅಂಚಿನಲ್ಲಿ ಮೊಳೆಯುತ್ತದೆ. ಆ ವರ್ಷವೇ ಕಿತ್ತರೆ ಎರಡು ಬೆರಳಿನ ಕೆಲಸ. ಐದು ವರ್ಷ ಬಿಟ್ಟರೆ ಬೇರಿನ ಜೊತೆಗೆ ಇಟ್ಟಿಗೆಯೂ ಬರುತ್ತದೆ. ಆಮೇಲೆ ದುರಸ್ತಿಯೆಂಬ ಹೆಸರಿನಲ್ಲಿ ಗಾರೆಯ ಗೋಡೆಗೆ ಸಿಮೆಂಟು ಮೆತ್ತುತ್ತಾರೆ. ಗಾರೆಯ ಗೋಡೆ ತೇವವನ್ನು ಒಳಗೆಳೆದು ಹೊರಗೆ ಬಿಡುತ್ತಾ ಉಸಿರಾಡುವಂಥದು. ಸಿಮೆಂಟು ಅದರ ಮೂಗು ಮುಚ್ಚುತ್ತದೆ. ತೇವ ಒಳಗೇ ಉಳಿದು ಗೋಡೆಯನ್ನು ಒಳಗಿನಿಂದ ತಿನ್ನುತ್ತದೆ. ಇನ್ನು ಆ ಕೋಣೆಯೊಳಗೆ ತೊಗಲುಗೊಂಬೆಯಿದ್ದರೆ ಅದರ ಗತಿಯನ್ನು ಹೇಳಬೇಕೆ? ಚರ್ಮ, ಬಟ್ಟೆ, ಮರ, ಮೂರಕ್ಕೂ ತೇವವೇ ಯಮ.

ಕೊಳವೆಯ ತರಗೆಲೆ ತೆಗೆಯುವ ಕೂಲಿಗೆ ಹಣವಿಲ್ಲದ ದೇಶ ನಮ್ಮದಲ್ಲ. ಆದರೆ ಆ ಕೂಲಿಗೆ ಲೆಕ್ಕಪತ್ರದಲ್ಲಿ ಜಾಗವಿಲ್ಲ. ದೊಡ್ಡ ಮೊತ್ತಕ್ಕೆ ಯೋಜನೆಯುಂಟು, ದಾನಿಗಳುಂಟು, ಶಿಲಾಫಲಕವುಂಟು. ಜಯಲಕ್ಷ್ಮೀ ವಿಲಾಸ ಶಿಥಿಲವಾದಾಗ ಈ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ನೀಡಿತು. ಕಟ್ಟಡ ಮತ್ತೆ ಎದ್ದು ನಿಂತಿತು, ಎಲ್ಲರೂ ಸಂತೋಷಪಟ್ಟೆವು, ದಾನಿಗಳಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಮುಂದೆ? ಹದಿನೈದು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಅದೇ ಸೋರಿಕೆಯ ಸುದ್ದಿ, ಮತ್ತೆ ಶಿಥಿಲ ಭಾಗಗಳ ಚಿತ್ರ. ಈ ಸಲ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವು. ಮೈಸೂರಿನ ಸೂರು ಸರಿಪಡಿಸಲು ಸಾಗರದಾಚೆಯವರು ಬರಬೇಕಾಯಿತು! ಬಂದವರ ಬಗ್ಗೆ ನನಗೆ ದೂರಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಯಾವ ದೇಶದ ಕಡೆ ಕೈ ಚಾಚಬೇಕೆಂದು ಈಗಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು ಎಂದಷ್ಟೇ ನನ್ನ ಸಲಹೆ.

ಹಳೆಯ ಗಣಿತದ ಮೇಷ್ಟ್ರೊಬ್ಬರು ಇದ್ದಿದ್ದರೆ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಬರೆಯುತ್ತಿದ್ದರು. ಆ 1.17 ಕೋಟಿಯ ಜೊತೆಗೆ ಅಷ್ಟೇ ಮೊತ್ತವನ್ನು ಸರ್ಕಾರ ಬ್ಯಾಂಕಿನಲ್ಲಿ ಮುದ್ದತು ಠೇವಣಿಯಾಗಿ ಇಟ್ಟಿದ್ದರೆ, ಶೇಕಡಾ 6ರ ಬಡ್ಡಿಯಲ್ಲಿ ವರ್ಷಕ್ಕೆ ಏಳು ಲಕ್ಷ ರೂಪಾಯಿಗೆ ತುಸು ಮೇಲಾಗುತ್ತಿತ್ತು. ಒಬ್ಬ ಬಡಗಿ, ಒಬ್ಬ ಗಾರೆ ಕೆಲಸದವನು, ಇಬ್ಬರು ಆಳುಗಳು ವರ್ಷಪೂರ್ತಿ ಅಲ್ಲೇ ಇರಲು ಅಂದಿನ ಸಂಬಳದಲ್ಲಿ ಅದು ಧಾರಾಳವಾಗಿ ಸಾಕು. ಅಸಲು ಕರಗುವುದಿಲ್ಲ. ಎರಡನೆಯ ಜೀರ್ಣೋದ್ಧಾರದ ಮಾತೇ ಬರುವುದಿಲ್ಲ. ಏಳನೆಯ ತರಗತಿಯ ಸರಳ ಬಡ್ಡಿಯ ಲೆಕ್ಕವಿದು. ಇದಕ್ಕೆ ತಜ್ಞರ ಸಮಿತಿ ಬೇಕಾಗಿಲ್ಲ.

ನಿರ್ವಹಣೆಗೆ ನಿತ್ಯದ ಹಣದ ದಾರಿಯಿದ್ದ ಕಡೆ ಕಟ್ಟಡಗಳು ಉಳಿದಿರುವುದಕ್ಕೆ ಸಾಕ್ಷಿ ಅದೇ ಊರಿನಲ್ಲಿವೆ. ಜಯಲಕ್ಷಮ್ಮಣ್ಣಿಯವರ ತಂಗಿ ಚೆಲುವಾಜಮ್ಮಣ್ಣಿಯವರ ಸೌಧವೇ 1950ರಿಂದ ಕೇಂದ್ರೀಯ ಆಹಾರ ಸಂಶೋಧನಾಲಯ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆ. ದಿನವೂ ಜನ ಕೂತು ಕೆಲಸ ಮಾಡುವ ಜಾಗವಾದ್ದರಿಂದ ಅಲ್ಲಿ ಒಂದು ಹನಿ ಸೋರಿದರೆ ಯಾರದೋ ಮೇಜಿನ ಮೇಲೆ ಬೀಳುತ್ತದೆ, ಅವರು ಕೂಗುತ್ತಾರೆ. ದೊಡ್ಡ ಅರಮನೆಗೆ ಪ್ರವೇಶ ಶುಲ್ಕದ ಆದಾಯವಿದೆ. ಲಲಿತ ಮಹಲು 1974ರಿಂದ ಹೋಟೆಲಾಗಿದೆ. ಬಾಡಿಗೆಯ ಕೋಣೆ ಸೋರಿದರೆ ಗಿರಾಕಿ ಸುಮ್ಮನಿರುವುದಿಲ್ಲ. ಇವ್ಯಾವುದರ ಕೆಲಸವೂ ಪರಿಪೂರ್ಣವೆಂದು ನಾನು ಹೇಳುತ್ತಿಲ್ಲ. ಕೇಳುವವರಿದ್ದಾರೆ, ಕೊಡುವ ಹಣವಿದೆ, ಅಷ್ಟೇ.

ಎರಡೂ ಇಲ್ಲದಿದ್ದರೆ ಏನಾಗುತ್ತದೆಂಬುದನ್ನೂ ಮೈಸೂರೇ ತೋರಿಸಿದೆ. 1892ರ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ನಿಮ್ಮಲ್ಲಿ ಎಷ್ಟೋ ಜನ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡಿದ್ದೀರಿ. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜೀವಗಳು ಹೋದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಗಮನಿಸಿ, ಈ ಎರಡನ್ನೂ ಯಾರೂ ಯಾರಿಗೂ ಮಾರಿರಲಿಲ್ಲ. ಎರಡೂ ಸಾರ್ವಜನಿಕರ ಸ್ವತ್ತು, ಎಂದರೆ ನಮ್ಮದೇ. ಬಿಲ್ಡರುಗಳನ್ನು ಬಯ್ಯುವ ನಾಲಗೆಗಳು ಇಲ್ಲಿ ಯಾರನ್ನು ಬಯ್ಯಬೇಕೆಂದು ತಿಳಿಯದೆ ಮಳೆಯನ್ನು ಬಯ್ದವು. ಮೈಸೂರಿಗೆ ಮಳೆ ಅದೇ ಮೊದಲ ಸಲ ಬಂದಿತ್ತೇನೋ!

“ಬಡವರ ಮಕ್ಕಳು ಓದುವ ಶಾಲೆಯೇ ಸೋರುತ್ತಿರುವಾಗ ರಾಜಕುಮಾರಿಯ ಮಹಲಿನ ಚಿಂತೆ ನಿಮಗೇಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ತಳ್ಳಿಹಾಕಲಾರೆ. ಮೂರು ದಶಕಕ್ಕೂ ಮೀರಿ ಸೋರುವ ಸೂರಿನಡಿ ಪಾಠ ಹೇಳಿದವನು ನಾನು. ನಾನಿದ್ದ ಒಂದು ಪ್ರೌಢಶಾಲೆಗೆ ಮಂಗಳೂರು ಹೆಂಚಿನ ಮಾಡು. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಲು ಸಾದಿಲ್ವಾರು ಬಾಬಿನಲ್ಲಿ ಒಂದಿಷ್ಟು ಹಣ ಬರುತ್ತಿತ್ತು. ಒಂದು ವರ್ಷ ಹೊಸ ಕೊಠಡಿಗಳು ಮಂಜೂರಾದವು. ಹೊಸ ಕಟ್ಟಡ ಬರುತ್ತಿದೆಯಲ್ಲ, ಹಳೆಯದಕ್ಕೇಕೆ ಖರ್ಚೆಂದು ಆ ಬಾಬು ನಿಂತುಹೋಯಿತು. ಹೊಸ ಕೊಠಡಿಯ ಉದ್ಘಾಟನೆಗೆ ಹಾರ, ತುರಾಯಿ, ಭಾಷಣ. ಹಳೆಯ ಕೋಣೆಯಲ್ಲಿ ಭೂಪಟಗಳ ಸುರುಳಿಗಳು ನೆನೆದು ಅಂಟಿಕೊಂಡು, ಬಿಡಿಸಹೋದರೆ ಏಷ್ಯಾಖಂಡದ ಅರ್ಧ ಆಫ್ರಿಕದ ಬೆನ್ನಿಗೆ ಹತ್ತಿಕೊಂಡು ಬಂತು. ಆಮೇಲೆ ಹೊಸ ಕೊಠಡಿಯ ಸರದಿ. ಅದರ ಕಾಂಕ್ರೀಟಿನ ಮಾಳಿಗೆಯೂ ಎಂಟು ವರ್ಷಕ್ಕೆ ತೊಟ್ಟಿಕ್ಕತೊಡಗಿತು. ಹೀಗಾಗಿ ನನ್ನ ಉತ್ತರವಿದು: ಶಾಲೆಯ ಸೂರು, ಮಹಲಿನ ಸೂರು, ಎರಡೂ ಸೋರುವುದು ಒಂದೇ ತೂತಿನಿಂದ. ಕಟ್ಟಲು ಕೊಡುತ್ತೇವೆ, ಕಾಯಲು ಕೊಡುವುದಿಲ್ಲ. ಮಹಲಿನ ಹಣ ಉಳಿಸಿದ ಮಾತ್ರಕ್ಕೆ ಶಾಲೆಗೆ ಹೆಂಚು ಬಂದದ್ದನ್ನು ನಾನಂತೂ ನೋಡಿಲ್ಲ. ಅಲ್ಲದೆ ಆ ಮಹಲನ್ನು ಕಟ್ಟಿದ ದುಡ್ಡೂ ರೈತರ ಕಂದಾಯದ್ದೇ, ಇಂದು ಅದರೊಳಗಿರುವ ಸಾಮಾನೂ ಅವರ ಮನೆಯದೇ. ಹಾಳುಬಿಟ್ಟರೆ ಎರಡನೆಯ ಸಲ ನಷ್ಟವಾಗುವುದೂ ಅವರಿಗೇ.

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ಹಿರಿಯರು. ಕಟ್ಟಿದ್ದನ್ನು ಉಳಿಸಿ ನೋಡು ಎಂದು ಒಬ್ಬರೂ ಹೇಳಲಿಲ್ಲವಲ್ಲ ಎಂಬ ಕೊರಗು ನನಗೆ ಬಹಳ ದಿನದಿಂದ ಇದೆ.

ಹಾಗೆಂದು ಕೆಡವಲೆಂದೇ ಕೊಳ್ಳುವವರಿಗೆ ಮಾರುವುದನ್ನು ನಾನು ಒಪ್ಪುತ್ತೇನೆಂದು ತಿಳಿಯಬೇಡಿ. ಯಾದವಗಿರಿಯ ಆರ್.ಕೆ. ನಾರಾಯಣರ ಮನೆ 2011ರಲ್ಲಿ ಗುದ್ದಲಿಗೆ ಸಿಕ್ಕಿದಾಗ ಜನ ಕೂಗಿದ್ದು ಸರಿಯೇ. ಕೂಗದಿದ್ದರೆ 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯುತ್ತಿರಲಿಲ್ಲ. ಆದರೆ ಖಾಸಗಿ ಮಾಲೀಕನಿಗೆ “ಇದು ಪಾರಂಪರಿಕ ಕಟ್ಟಡ, ಮುಟ್ಟಬೇಡ” ಎಂದು ನೋಟೀಸು ಕೊಟ್ಟು, ತಾರಸಿ ಸರಿಮಾಡಿಸಲು ಒಂದು ರೂಪಾಯಿಯ ರಿಯಾಯಿತಿಯನ್ನೂ ಕೊಡದೆ ಮನೆಗೆ ಹೋಗುವುದು ಯಾವ ನ್ಯಾಯ? ಅವನು ತಾನಾಗಿ ಬೀಳಲೆಂದು ಕಾಯುತ್ತಾನೆ. ಅವನ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡಿಯೇವು. ಮಾರುವವನಿಗೆ ಮಾರಲು ಬಿಡಿ, ಕೊಳ್ಳುವವನಿಂದ ಕರಾರು ಬರೆಸಿಕೊಳ್ಳಿ: ಸೂರು, ಮುಂಭಾಗ, ಬಾಗಿಲುಗಳು ಇದ್ದಂತೆಯೇ ಇರಬೇಕು, ವರ್ಷಕ್ಕೊಮ್ಮೆ ತಪಾಸಣೆಗೆ ಬಾಗಿಲು ತೆರೆಯಬೇಕು, ತಪ್ಪಿದರೆ ದಂಡ, ಪಾಲಿಸಿದರೆ ಕಂದಾಯದಲ್ಲಿ ವಿನಾಯಿತಿ. ಹೋಟೆಲು ಮಾಡಲಿ, ಕಚೇರಿ ಮಾಡಲಿ, ಮದುವೆ ಛತ್ರವನ್ನಾದರೂ ಮಾಡಲಿ, ಒಳಗೆ ಜನ ಓಡಾಡುತ್ತಿರಲಿ. ಬೀಗ ಹಾಕಿದ ಮನೆ ಬಳಸುವ ಮನೆಗಿಂತ ಬೇಗ ಬೀಳುತ್ತದೆಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು.

ಈಗ ನಿಮ್ಮಿಂದ ನನಗಾಗಬೇಕಾದ ಕೆಲಸವೊಂದಿದೆ. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ವಕೀಲರಿದ್ದೀರಿ, ಲೆಕ್ಕ ಪರಿಶೋಧಕರಿದ್ದೀರಿ. ಇನ್ನು ಮುಂದೆ ಹಳೆಯ ಬಂಗಲೆ ಮಾರಾಟವಾದರೆ ನನಗೆ ಫೋನು ಮಾಡುವುದಕ್ಕೆ ಬದಲಾಗಿ, ನಿಮ್ಮ ಊರಿನಲ್ಲಿ ಸರ್ಕಾರದ, ನಗರಸಭೆಯ, ವಿಶ್ವವಿದ್ಯಾನಿಲಯದ ವಶದಲ್ಲಿ ಮಾರಾಟವಾಗದೆ ಉಳಿದಿರುವ ಒಂದು ಹಳೆಯ ಕಟ್ಟಡವನ್ನು ಆರಿಸಿಕೊಳ್ಳಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಮೂರು ಪ್ರಶ್ನೆ ಕೇಳಿ. ಕಳೆದ ಹತ್ತು ವರ್ಷಗಳಲ್ಲಿ ಈ ಕಟ್ಟಡದ ವಾರ್ಷಿಕ ನಿರ್ವಹಣೆಗೆ, ವರ್ಷವಾರು, ಎಷ್ಟು ಹಣ ಮೀಸಲಿಡಲಾಗಿತ್ತು, ಎಷ್ಟು ಖರ್ಚಾಯಿತು? ತಾರಸಿಯನ್ನು ಕಡೆಯ ಸಲ ಪರಿಶೀಲಿಸಿದ ದಿನಾಂಕ ಯಾವುದು? ಪರಿಶೀಲಿಸಿದವರ ಹುದ್ದೆ ಏನು? ಅರ್ಜಿಯ ಶುಲ್ಕ ಹತ್ತು ರೂಪಾಯಿ. ಕನ್ನಡದಲ್ಲಿ ಕರಡು ನಾನು ಸಿದ್ಧಮಾಡಿ ಇಟ್ಟಿದ್ದೇನೆ. ಬೇಕಾದವರು ಬರೆದು ತಿಳಿಸಿದರೆ ಕಳುಹಿಸುತ್ತೇನೆ. ಕಟ್ಟಡದ ಹೆಸರನ್ನು ಮಾತ್ರ ನೀವೇ ತುಂಬಬೇಕು. ಕಾಗುಣಿತ ತಪ್ಪಿಲ್ಲದಂತೆ.